ಬೇರೆ ಯಾರೂ ಮುಟ್ಟದ ಹಿತ್ತಾಳೆ

ಹತ್ತು ಗಂಟೆಗೆ ಬರುತ್ತೇನೆಂದು ರೈಫಲ್ ಕ್ಲಬ್ಬಿನ ಡ್ವೇನ್ ಪ್ರಿಚೆಟ್ ಹಿಂದಿನ ದಿನವೇ ಫೋನು ಮಾಡಿದ್ದ. ವೆರ್ನಾ ಸ್ಕೋಗ್ ಏಳಕ್ಕೆಲ್ಲ ಗ್ಯಾರೇಜಿನ ಬಾಗಿಲು ತೆರೆದು ಗಂಡನ ಮೇಜಿನ ಮುಂದೆ ಕೂತುಬಿಟ್ಟಿದ್ದಳು. ಗಂಡನ ಮೇಜು. ಎಲ್ಲರೂ ಹಾಗೇ ಅನ್ನುವುದು, ಅವಳ ಬಾಯಲ್ಲೂ ಹಾಗೇ ಬಂದುಬಿಡುವುದು. ಆರ್ವಿಡ್ ಹೋಗಿ ಮೂರು ತಿಂಗಳಾಗಿತ್ತು. ಫೆಬ್ರವರಿಯ ಒಂದು ಬೆಳಿಗ್ಗೆ ಅಂಗಳದ ಹಿಮ ಎತ್ತಿಹಾಕುತ್ತಿದ್ದವನು ಸಲಿಕೆಯ ಮೇಲೆ ಬಾಗಿದವನು ಮತ್ತೆ ನೆಟ್ಟಗಾಗಲಿಲ್ಲ. ಅವಳು ಕೂತಿದ್ದ ಸ್ಟೂಲು ಮಾತ್ರ ಅವಳ ಎತ್ತರಕ್ಕೆ ಕಾಲು ಕೊಯ್ದು ಮಾಡಿದ್ದು. ಆರಡಿ ಮೂರಿಂಚಿನ ಆರ್ವಿಡ್ ಇದರ ಮೇಲೆ ಕೂತರೆ ಮೊಣಕಾಲು ಮೇಜಿನ ಅಂಚಿಗೆ ಬಡಿಯುತ್ತಿತ್ತು. ಇಪ್ಪತ್ತೊಂಬತ್ತು ವರ್ಷ ಈ ಗ್ಯಾರೇಜಿಗೆ ಬಂದು, ಇದೇ ಮೇಜಿಗೆ ಒರಗಿ ನಿಂತು ಕಾಫಿ ಕುಡಿದು ಹೋದ ಗಂಡಸರಲ್ಲಿ ಒಬ್ಬನ ತಲೆಗೂ ಇದು ಹೊಳೆದಿರಲಿಲ್ಲ. ಹೊಳೆಯಬೇಕೆಂದು ಅವಳೇನೂ ಕಾದಿರಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದು ಸುಳ್ಳೆಂದು ಗೊತ್ತಾಗಿ ಇನ್ನಷ್ಟು ಸಿಟ್ಟು ಬಂತು.

ಕಳೆದ ಶರತ್ಕಾಲದ ಗುರಿ ಹೊಡೆಯುವ ಪಂದ್ಯದಲ್ಲಿ ಆರ್ವಿಡ್ ಹಾರಿಸಿದ ಅರವತ್ತು ತೋಟಾಗಳ ಖಾಲಿ ಹಿತ್ತಾಳೆ ಚಿಪ್ಪುಗಳು ತಟ್ಟೆಯಲ್ಲಿ ಹಾಗೇ ಇದ್ದವು. ಇನ್ನು ಅವಕ್ಕೆ ಮದ್ದು ತುಂಬುವವರಿಲ್ಲ, ಹಾರಿಸುವವರಿಲ್ಲ. ಆದರೂ ಅವಳ ಕೈ ಒಂದನ್ನು ಎತ್ತಿಕೊಂಡು ಬೆರಳ ತುದಿಯಲ್ಲಿ ಎಣ್ಣೆ ಸವರಿತು, ಪ್ರೆಸ್ಸಿನ ತಳದಲ್ಲಿ ಕೂರಿಸಿತು, ಹಿಡಿಕೆಯನ್ನು ಕೆಳಗೆಳೆಯಿತು. ಸಿಡಿದಾಗ ಬಂದೂಕಿನ ನಳಿಗೆಯ ಗೂಡಿನಷ್ಟಕ್ಕೂ ಉಬ್ಬಿಕೊಂಡ ಹಿತ್ತಾಳೆ ಉಕ್ಕಿನ ಅಚ್ಚಿನೊಳಗೆ ಸೇರಿ, ಮೊದಲಿನ ಮೈಗೆ ಬಂದು, ಸುಟ್ಟ ಕೇಪನ್ನು ಟಪ್ಪೆಂದು ಕೆಳಗಿನ ಡಬ್ಬಿಗೆ ಉದುರಿಸಿತು. ಸುತ್ತಲಿಂದ ಅದುಮಿದ ಲೋಹಕ್ಕೆ ಹೋಗಲು ಬೇರೆ ದಾರಿಯಿಲ್ಲ, ಕತ್ತಿನ ಕಡೆಗೆ ಬೆಳೆಯುತ್ತದೆ. ಉದ್ದ ಅಳೆಯುವ ಕ್ಯಾಲಿಪರಿನ ಬಾಯಿಗಿಟ್ಟು ನೋಡಿದಳು. ಇಂಚಿನ ಸಾವಿರ ಪಾಲಿನಲ್ಲಿ ಎಂಟು ಪಾಲು ಹೆಚ್ಚು. ಹೆಚ್ಚಿನದನ್ನು ಕತ್ತರಿಸುವ ಟ್ರಿಮ್ಮರಿಗೆ ಸಿಕ್ಕಿಸಿ ಹಿಡಿಕೆ ತಿರುಗಿಸಿದಳು. ಕೂದಲಿನಂಥ ಹಿತ್ತಾಳೆಯ ಸುರುಳಿ ಮಡಿಲಿಗೆ ಬಿತ್ತು. ಆಮೇಲೆ ಬಾಯಿಯ ಒಳಅಂಚು, ಹೊರಅಂಚು ಕೆರೆದಳು, ಎರಡೂ ಕಡೆ ಎರಡೆರಡು ಸುತ್ತು, ಹೆಚ್ಚಿಲ್ಲ. ಒರೆಸಿ ಮತ್ತೆ ಅಳೆದಳು. ಸರಿಯಾಗಿತ್ತು. ಸರಿಯಾಗಿರುತ್ತದೆಂದು ಅಳೆಯುವ ಮೊದಲೇ ಬೆರಳಿಗೆ ಗೊತ್ತಿತ್ತು.

ಶುರುವಾದದ್ದು ಮದುವೆಯಾದ ನಾಲ್ಕನೆಯ ಚಳಿಗಾಲದಲ್ಲಿ, ಇನ್ನೂ ಅಡಿಗೆಮನೆಯ ಮೇಜಿನ ಮೇಲೆ. ಆರ್ವಿಡ್‌ನ ಕೈ ದೊಡ್ಡದು, ತಾಳ್ಮೆ ಸಣ್ಣದು. ಇಪ್ಪತ್ತು ಚಿಪ್ಪು ಮಾಡುವಷ್ಟರಲ್ಲಿ ಬೇಸರ ಬಂದು ಹಿಡಿಕೆಯನ್ನು ಒತ್ತಿ ತಿರುಗಿಸಿ ಬಾಯಿ ಓರೆ ಮಾಡಿಬಿಡುತ್ತಿದ್ದ. ಕೊಡಿ ಇಲ್ಲಿ ಎಂದು ಅವಳೇ ಕಿತ್ತುಕೊಂಡಿದ್ದಳು. ಕಿತ್ತುಕೊಂಡದ್ದು ತಾನೇ ಎಂಬುದನ್ನು ಅವಳು ಇವತ್ತಿಗೂ ಮರೆತಿರಲಿಲ್ಲ. ಎಷ್ಟು ಸಿಟ್ಟಿದ್ದರೂ ಆ ಒಂದು ಮಾತು ಒಳಗೆ ಎದ್ದು ಬಂದು ನಿಲ್ಲುತ್ತಿತ್ತು. ಆಮೇಲೆ ಅದು ಅವಳ ಕೆಲಸವೇ ಆಯಿತು. ಶಾಲೆಯ ಊಟದ ಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬಡಿಸಿ ಬಂದು, ರಾತ್ರಿಯೂಟಕ್ಕೆ ಒಲೆಗಿಟ್ಟು, ಮಧ್ಯೆ ಸಿಗುವ ಒಂದು ಗಂಟೆಯಲ್ಲಿ ಗ್ಯಾರೇಜು. ಮದ್ದು ತೂಗುವುದು, ಗುಂಡು ಕೂರಿಸುವುದು ಅವನದು. ಅದಕ್ಕೆ ಮೊದಲಿನದೆಲ್ಲ ಅವಳದು. ಒಂದು ವರ್ಷ ಬಲಗೈ ಮಣಿಕಟ್ಟು ಊದಿಕೊಂಡು, ಬಾಟಲಿಯ ಮುಚ್ಚಳ ತೆಗೆಯಲಾಗದ ಸ್ಥಿತಿಗೆ ಬಂದಾಗ, ದಿನವೂ ಒಂದೇ ರೀತಿ ಏನಾದರೂ ತಿರುಗಿಸುತ್ತೀರಾ ಎಂದು ಡಾಕ್ಟರು ಕೇಳಿದ್ದರು. ಅವಳು ಬಾಯಿ ತೆರೆಯುವ ಮುಂಚೆ ಪಕ್ಕದ ಕುರ್ಚಿಯಲ್ಲಿದ್ದ ಆರ್ವಿಡ್, ಇವಳಿಗೆ ಬ್ರೆಡ್ಡಿನ ಹಿಟ್ಟು ನಾದುವ ಹುಚ್ಚು ಡಾಕ್ಟ್ರೇ, ಎಂದು ನಕ್ಕಿದ್ದ. ಡಾಕ್ಟರೂ ನಕ್ಕು, ಬ್ರೆಡ್ಡು ಅಂಗಡಿಯಿಂದ ತನ್ನಿ ಅಂದರು. ಅವಳೂ ನಕ್ಕಿದ್ದಳು. ಆ ತನ್ನ ನಗು ನೆನಪಾದಾಗಲೆಲ್ಲ ಯಾರದೋ ಎಂಜಲು ಬಾಯಿಗೆ ತಾಕಿದ ಹಾಗಾಗುತ್ತಿತ್ತು.

ಎರಡನೆಯ ಚಿಪ್ಪು, ಮೂರನೆಯದು. ಕಾಟನ್‌ವುಡ್ ಫ್ಲಾಟ್‌ನ ರೈಫಲ್ ಕ್ಲಬ್ಬಿನಲ್ಲಿ ಆರ್ವಿಡ್‌ಗೆ ದೊಡ್ಡ ಹೆಸರು. ಆರು ನೂರು ಗಜದ ಗುರಿಯಲ್ಲಿ ಅವನನ್ನು ಮೀರಿಸಿದವರು ಇಡೀ ಮೊಂಟಾನ ರಾಜ್ಯದಲ್ಲೇ ನಾಲ್ಕೋ ಐದೋ ಜನ. ಆದರೆ ಬಂದವರು ಹೊಗಳುತ್ತಿದ್ದದ್ದು ಅವನ ಕಣ್ಣನ್ನಲ್ಲ, ಅವನ ಹಿತ್ತಾಳೆಯನ್ನು. ಚಿಪ್ಪುಗಳನ್ನು ಸಾಲಾಗಿ ನಿಲ್ಲಿಸಿ ಮೇಲೆ ಗಾಜಿಟ್ಟರೆ ಗಾಜು ಅಲುಗುವುದಿಲ್ಲ, ಎಂದು ಯಾರಾದರೂ ಅಂದರೆ ಆರ್ವಿಡ್ ಸಂಕೋಚದಿಂದ ತಲೆ ತಗ್ಗಿಸಿ ಬೂಟಿನ ತುದಿ ನೋಡಿಕೊಳ್ಳುತ್ತಿದ್ದ. ಎಷ್ಟು ಚೆನ್ನಾಗಿ ತಗ್ಗಿಸುತ್ತಿದ್ದ. ವೆರ್ನಾ ಕಾಫಿಯ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತು, ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಎಷ್ಟೋ ವರ್ಷ ಕಾದಳು. ಆಮೇಲೆ ಕಾಯುವುದು ಬಿಟ್ಟಳು. ಹದಿನಾಲ್ಕು ವರ್ಷದ ಹಿಂದೆ ಒಂದು ಆಗಸ್ಟಿನಲ್ಲಿ ರಾಜ್ಯದ ಸಂಘದ ತಿಂಗಳ ಪತ್ರಿಕೆ ಟಪಾಲಿನಲ್ಲಿ ಬಂದಿತ್ತು. ಅದರಲ್ಲಿ ಆರ್ವಿಡ್‌ನ ಚಿತ್ರ, ಎರಡು ಪುಟ ಮಾತುಕತೆ. ಇಷ್ಟು ಕರಾರುವಾಕ್ಕಾದ ಚಿಪ್ಪುಗಳ ಗುಟ್ಟೇನು ಎಂಬ ಪ್ರಶ್ನೆಗೆ ಅವನ ಉತ್ತರ: ಗುಟ್ಟೇನಿಲ್ಲ, ನನ್ನ ಹಿತ್ತಾಳೆಯನ್ನು ಬೇರೆ ಯಾರೂ ಮುಟ್ಟಲು ಬಿಡುವುದಿಲ್ಲ. ಅಡಿಗೆಮನೆಯಲ್ಲಿ ನಿಂತುಕೊಂಡೇ ಓದಿದಳು. ಅವತ್ತು ಬೆಳಿಗ್ಗೆಯಷ್ಟೇ ಎಂಬತ್ತು ಚಿಪ್ಪು ಮುಗಿಸಿದ್ದಳು. ಉಗುರಿನ ಸಂದಿಯಲ್ಲಿ ಇನ್ನೂ ಹಿತ್ತಾಳೆಯ ಪುಡಿಯಿತ್ತು. ಅವನು ಸುಮ್ಮನಿದ್ದದ್ದು ಒಂದು, ಇದು ಇನ್ನೊಂದು. ಆರ್ವಿಡ್ ಬಂದಾಗ ಪತ್ರಿಕೆಯನ್ನು ಅವನ ತಟ್ಟೆಯ ಪಕ್ಕ ಇಟ್ಟು, ಫೋಟೋ ಚೆನ್ನಾಗಿ ಬಂದಿದೆ ಅಂದಳು. ಹೌದಾ ಅಂದ ಅವನು, ಪುಟ ತಿರುವದೆ ಆಲೂಗಡ್ಡೆ ತಿಂದ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ರಾಜ್ಯಮಟ್ಟದ ಪಂದ್ಯ. ಇಪ್ಪತ್ತಿಪ್ಪತ್ತು ಗುಂಡಿನ ಮೂರು ಸರದಿ, ಅರವತ್ತು ಚಿಪ್ಪು. ಐವತ್ತೊಂಬತ್ತನ್ನು ಅವಳು ಎಂದಿನಂತೆಯೇ ಮಾಡಿದಳು. ಒಂದನ್ನು ಉದ್ದ ಬಿಟ್ಟಳು. ಮರೆತು ಬಿಟ್ಟದ್ದಲ್ಲ, ಅಳೆದು ಬಿಟ್ಟದ್ದು. ಮಿತಿ ಮೀರಿದ ಚಿಪ್ಪಿನ ಬಾಯಿ ಗೂಡಿನ ತುದಿಗೆ ಸಿಕ್ಕಿಕೊಂಡು ಗುಂಡನ್ನು ಕಚ್ಚಿ ಹಿಡಿಯುತ್ತದೆ, ಒತ್ತಡ ಏರುತ್ತದೆ, ಗುಂಡು ಮೇಲಕ್ಕೆ ಹೋಗುತ್ತದೆ. ಇನ್ನೂ ಹೆಚ್ಚಾದರೆ ಬಂದೂಕಿನ ಹಿಂಭಾಗವೇ ಒಡೆದು ಹಾರಿಸುವವನ ಮುಖಕ್ಕೆ ಬರಬಹುದು. ಎಲ್ಲ ಗೊತ್ತಿದ್ದೇ ಮಾಡಿದಳು. ಅವನು ಮದ್ದು ತುಂಬಿ ಮುಗಿಸಿದ ಮೇಲೆ ಪೆಟ್ಟಿಗೆಯಲ್ಲಿ ಅದನ್ನು ಹುಡುಕಿ, ಕಡೆಯ ಸರದಿಯ ಹದಿನೇಳನೆಯ ಗುಳಿಯಲ್ಲಿಟ್ಟಳು. ಆರ್ವಿಡ್ ಎಡದಿಂದ ಬಲಕ್ಕೆ ಕ್ರಮವಾಗಿ ತೆಗೆಯುವವನು. ಪಂದ್ಯದ ದಿನ ಅವನ ಹಿಂದೆ ಮಡಿಸುವ ಕುರ್ಚಿಯಲ್ಲಿ ಕೂತು, ದೂರದರ್ಶಕದಲ್ಲಿ ಗುರಿ ನೋಡಿ ಪುಸ್ತಕದಲ್ಲಿ ಗುರುತು ಹಾಕುವುದು ಅವಳ ಕೆಲಸ. ಹದಿನಾಲ್ಕನೆಯ ಗುಂಡು, ಹತ್ತು ಅಂಕ. ಹದಿನೈದು, ಹತ್ತು. ಹದಿನಾರು ಬರೆಯುವಾಗ ಪೆನ್ಸಿಲು ಕಾಗದ ಹರಿಯಿತು. ರೀ, ನಿಲ್ಸಿ ಅಂದರೆ ಸಾಕಿತ್ತು. ಒಂದು ಮಾತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಅಂಟಿಕೊಂಡದ್ದೋ, ಅವಳೇ ಅಂಟಿಸಿಕೊಂಡದ್ದೋ, ಹದಿನಾಲ್ಕು ವರ್ಷ ಕಳೆದರೂ ಅವಳಿಗೆ ತಿಳಿದಿರಲಿಲ್ಲ. ಬಂದೂಕಿನ ಬೋಲ್ಟು ಮುಚ್ಚುವಾಗ ಅವನ ಕೈ ಅರೆಗಳಿಗೆ ತಡೆಯಿತು. ಆಮೇಲೆ ಸದ್ದು. ಅವನ ತಲೆ ಇತ್ತು, ಟೋಪಿ ಇತ್ತು, ಕಿವಿಯ ಹಿಂದಿನ ನರೆಗೂದಲು ಇತ್ತು. ಗುಂಡು ಮೇಲಕ್ಕೆ ಹೋಗಿ ಎಂಟು ಅಂಕ ಸಿಕ್ಕಿತು. ಅವನು ಬೋಲ್ಟನ್ನು ಎರಡು ಸಲ ಅಂಗೈಯಿಂದ ತಟ್ಟಿ ಎತ್ತಬೇಕಾಯಿತು. ಹೊರಬಂದ ಚಿಪ್ಪನ್ನು ಒಂದು ನಿಮಿಷ ನೋಡಿ, ತಟ್ಟೆಯಲ್ಲಿ ಹಾಕದೆ ಅಂಗಿಯ ಜೇಬಿಗೆ ಹಾಕಿಕೊಂಡ. ಒಂದೇ ಒಂದು ಅಂಕದಲ್ಲಿ ಸೋತ. ಮನೆಗೆ ಬಂದ ಮೇಲೆ ಐವತ್ತೊಂಬತ್ತು ಚಿಪ್ಪುಗಳನ್ನು ಅವಳ ಮುಂದಿಟ್ಟು, ಒಂದು ಹುಲ್ಲಲ್ಲಿ ಬಿದ್ದು ಹೋಯ್ತು ಅಂದ. ಅದಾದ ಮೇಲೆ ರಾಜ್ಯಮಟ್ಟದಲ್ಲಿ ಅವನು ಒಮ್ಮೆಯೂ ಗೆಲ್ಲಲಿಲ್ಲ. ಆ ವಿಷಯ ಎತ್ತಲೂ ಇಲ್ಲ. ಪ್ರತಿ ವರ್ಷ ಚಿಪ್ಪುಗಳ ತಟ್ಟೆ ತಂದು ಅವಳ ಮುಂದೆ ಇಡುತ್ತಿದ್ದ, ಒಂದನ್ನೂ ಮತ್ತೆ ಅಳೆದು ನೋಡುತ್ತಿರಲಿಲ್ಲ.

ಹನ್ನೊಂದನೆಯ ಚಿಪ್ಪಿಗೆ ಡ್ವೇನನ ಪಿಕಪ್ಪು ಜಲ್ಲಿಯ ಮೇಲೆ ಸದ್ದು ಮಾಡಿತು. ಐವತ್ತೇಳರ ಡ್ವೇನ್ ಕ್ಲಬ್ಬಿನ ಈಗಿನ ಕಾರ್ಯದರ್ಶಿ. ಆರ್ವಿಡ್‌ನಿಂದಲೇ ಬಂದೂಕು ಹಿಡಿಯುವುದು ಕಲಿತವನು, ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ಒಳ್ಳೆಯವನು. ಆರ್ವಿಡ್ ಹೋದ ಮೇಲೆ ಚಳಿಗಾಲ ಮುಗಿಯುವವರೆಗೂ ಅವಳ ಅಂಗಳದ ಹಿಮ ಎತ್ತಿದ್ದು ಅವನೇ, ಕೇಳದೆಯೇ. ಆ ಒಳ್ಳೆಯತನದ ಎದುರು ತನ್ನ ಸಿಟ್ಟನ್ನು ಇಡಲು ಜಾಗವಿಲ್ಲದೆ ವೆರ್ನಾ ಎದ್ದು ನಿಲ್ಲದೆ ಕೂತೇ ಇದ್ದಳು. ಈ ಭಾನುವಾರ ಆರ್ವಿಡ್‌ನ ಹೆಸರಿನಲ್ಲಿ ಕ್ಲಬ್ಬು ಪಂದ್ಯ ಇಟ್ಟುಕೊಂಡಿತ್ತು. ಕ್ಲಬ್ಬಿನ ಗಾಜಿನ ಬೀರುವಿನಲ್ಲಿ ಆರ್ವಿಡ್‌ನ ಟ್ರಿಮ್ಮರನ್ನೂ ಪ್ರೆಸ್ಸನ್ನೂ ಇಡಬೇಕೆಂದು ಎಲ್ಲರ ಆಸೆ, ಒಯ್ಯಲು ಬಂದಿದ್ದೇನೆ, ಎಂದು ಡ್ವೇನ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ಹೇಳಿದ. ಆಮೇಲೆ ಮೇಜಿನ ಮೇಲಿನ ಚಿಪ್ಪುಗಳನ್ನೂ, ಅವಳ ಮಡಿಲಿನ ಹಿತ್ತಾಳೆಯ ಸುರುಳಿಗಳನ್ನೂ ನೋಡಿದ. ಅವನ ಮುಖ ಮೆತ್ತಗಾಯಿತು.

"ಕೈ ಬರುತ್ತಾ ಅಂತ ನೋಡ್ತಿದೀರೇನು?" ಎಂದ. "ಹಂಗಲ್ಲ ವೆರ್ನಾ, ಇಲ್ಲಿ ನೋಡಿ. ಹಿಡಿಕೆನ ಒತ್ಬಾರ್ದು. ಅದರ ಪಾಡಿಗೆ ಅದು ತಿರುಗ್ಬೇಕು. ಆರ್ವಿಡ್ ಯಾವಾಗ್ಲೂ ಹೇಳೋರು."

ಅವನು ಅವಳ ಭುಜದ ಮೇಲಿಂದ ಬಾಗಿ, ಅವಳ ಕೈಯ ಕೆಳಗಿನಿಂದ ಹಿಡಿಕೆ ತೆಗೆದುಕೊಂಡು ತಿರುಗಿಸಿ ತೋರಿಸಿದ. ಒತ್ತಿಯೇ ತಿರುಗಿಸಿದ. ಚಿಪ್ಪಿನ ಬಾಯಿ ಓರೆಯಾದದ್ದು ಅವಳಿಗೆ ಕೂತಲ್ಲಿಂದಲೇ ಕಂಡಿತು. ಅವನಿಗೆ ಕಾಣಲಿಲ್ಲ. ಜೇಬಿನಿಂದ ಒಂದು ದಪ್ಪ ಕಾಗದದ ಚೀಟಿ ತೆಗೆದು, ಬೀರುವಿನಲ್ಲಿ ಯಂತ್ರದ ಪಕ್ಕ ಇದನ್ನಿಡುತ್ತೇವೆ, ಕಾಗುಣಿತ ಸರಿಯಿದೆಯಾ ನೋಡಿಕೊಡಿ ಎಂದು ಅವಳ ಮುಂದಿಟ್ಟ. ಅದರಲ್ಲಿ ಅಚ್ಚು ಹಾಕಿಸಿದ್ದರು: ಆರ್ವಿಡ್ ಸ್ಕೋಗ್ ಮೂವತ್ತು ವರ್ಷ ತಮ್ಮ ಕೈಯಾರೆ ತಿರುಗಿಸಿದ ಯಂತ್ರ, ಅವರ ಹಿತ್ತಾಳೆಯನ್ನು ಬೇರೆ ಯಾರೂ ಮುಟ್ಟಲಿಲ್ಲ.

ಕಾಗುಣಿತ ಸರಿಯಾಗಿಯೇ ಇತ್ತು. ವೆರ್ನಾ ಚೀಟಿಯನ್ನು ಎರಡು ಸಲ ಓದಿದಳು. ಅವಳ ದನಿ ಶಾಲೆಯಲ್ಲಿ, ನಿನಗೆ ಹಾಲು ಬೇಕೋ ಹಣ್ಣಿನ ರಸ ಬೇಕೋ ಎಂದು ಕೇಳುವಾಗಿನ ಹಾಗೆ ಸಮವಾಗಿ ಬಂತು.

"ಇದು ಸುಳ್ಳು, ಡ್ವೇನ್. ತಿರುಗಿಸಿದ್ದು ನಾನು. ಒಂದೊಂದು ಚಿಪ್ಪನ್ನೂ."

ಡ್ವೇನ್ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ತಲೆಯಾಡಿಸಿ, ಗೊತ್ತು, ನೀವೂ ಬೇಕಾದಷ್ಟು ಸಹಾಯ ಮಾಡಿರ್ತೀರ, ಗಂಡ ಹೆಂಡತಿ ಅಂದ ಮೇಲೆ ಹಾಗೇ ಅಲ್ಲವೇ, ಬೇಕಾದರೆ ಚೀಟಿಯಲ್ಲಿ ಪತ್ನಿಯ ಬೆಂಬಲದಿಂದ ಅಂತ ಒಂದು ಸಾಲು ಸೇರಿಸೋಣ, ಅಂದ. ವೆರ್ನಾ ತಟ್ಟೆಯಿಂದ ಹೊಸದೊಂದು ಚಿಪ್ಪು ತೆಗೆದು ಎಣ್ಣೆ ಸವರಿ, ಅಚ್ಚಿಗೆ ಒತ್ತಿ, ಕತ್ತರಿಸಿ, ಅಂಚು ತೆಗೆದು, ಅವನ ಅಂಗೈಯಲ್ಲಿಟ್ಟಳು. ಪಕ್ಕದಲ್ಲಿ ಕ್ಯಾಲಿಪರ್ ಇಟ್ಟಳು. ಎರಡು ನಿಮಿಷವೂ ಹಿಡಿದಿರಲಿಲ್ಲ, ಒಮ್ಮೆಯೂ ಕ್ಯಾಲಿಪರಿನ ಮುಳ್ಳಿನ ಕಡೆ ನೋಡಿರಲಿಲ್ಲ. ಅವನು ಅಳೆದ, ತಿರುಗಿಸಿ ಮತ್ತೆ ಅಳೆದ. ಬೆಳಿಗ್ಗೆ ಅವಳು ಮುಗಿಸಿಟ್ಟಿದ್ದವನ್ನು ಒಂದೊಂದಾಗಿ ತೆಗೆದು ಅಳೆದ. ಅವನು ಮಾಡಿದ ಓರೆಯದೊಂದನ್ನು ಬಿಟ್ಟು ಎಲ್ಲವೂ ಒಂದೇ ಅಳತೆ.

"ಎಷ್ಟ್ ಚೆನ್ನಾಗಿ ಕಲಿಸಿದಾರೆ ನೋಡಿ," ಎಂದ ಡ್ವೇನ್. ಅವನ ಕಣ್ಣು ನಿಜಕ್ಕೂ ತುಂಬಿಕೊಂಡಿತ್ತು.

ಆಗ ವೆರ್ನಾಳಿಗೆ ಬಂದದ್ದು ಇಷ್ಟು ವರ್ಷದ ಸಿಟ್ಟಲ್ಲ, ಬೇರೆಯೇ. ಏನು ಕೊಟ್ಟರೂ ಆರ್ವಿಡ್‌ನದೇ ಆಗುತ್ತದೆ. ಕೈ ಕಡಿದು ಕೊಟ್ಟರೂ ಆರ್ವಿಡ್ ಸಾಕಿದ ಕೈ ಅನ್ನುತ್ತಾರೆ. ಡ್ವೇನ್ ಸ್ಟೂಲಿನ ಪಕ್ಕ ಒಂದು ಪೆಟ್ಟಿಗೆಯ ಮೇಲೆ ಕೂತು, ಅವಳನ್ನು ಸಮಾಧಾನ ಮಾಡುವ ದನಿಯಲ್ಲಿ, ನಿಮಗೆ ಗೊತ್ತಿಲ್ಲದ ಒಂದು ವಿಷಯ ಹೇಳ್ತೀನಿ, ಅವರು ಎಂಥ ಮನುಷ್ಯ ಅಂತ ತಿಳಿಯಲಿ, ಎಂದು ಶುರು ಮಾಡಿದ. ಹದಿನಾಲ್ಕು ವರ್ಷದ ಹಿಂದೆ, ಒಂದು ಅಂಕದಲ್ಲಿ ಸೋತರಲ್ಲ, ಅವತ್ತು ವಾಪಸು ಬರುವಾಗ ಮೂವರೂ ಒಂದೇ ಗಾಡಿಯಲ್ಲಿದ್ದೆವು. ಪೆಟ್ರೋಲಿಗೆ ನಿಲ್ಲಿಸಿದಾಗ ನೀವು ಒಳಗೆ ಹೋದಿರಿ. ಆಗ ಅವರು ಜೇಬಿನಿಂದ ಒಂದು ಚಿಪ್ಪು ತೆಗೆದು ನನ್ನ ಕ್ಯಾಲಿಪರ್ ಕೇಳಿದರು. ಮಿತಿಗಿಂತ ಉದ್ದ ಇತ್ತು.

"ಏನಂದ?" ಎಂದಳು ವೆರ್ನಾ.

"ನಾನೇ ಕಣ್ ತಪ್ಪಿಸ್ದೆ ಡ್ವೇನ್, ತಪ್ಪು ನಂದೇ ಅಂದ್ರು. ವೆರ್ನಾಗೆ ಹೇಳ್ಬೇಡ ಅಂದ್ರು. ಆಮೇಲೆ ಅದನ್ನ ರಸ್ತೆ ಆಚೆ ಎಸೆದ್ಬಿಟ್ರು. ಬೇರೆಯವ್ರಾಗಿದ್ರೆ ಗಾಳಿ ಬೈಯೋರು, ಬಂದೂಕು ಬೈಯೋರು. ತಪ್ಪು ಒಪ್ಕೊಳ್ಳೋ ಗಂಡಸ್ರು ಎಷ್ಟ್ ಜನ ಇದಾರೆ ಹೇಳಿ."

ಗ್ಯಾರೇಜಿನ ಬಾಗಿಲಾಚೆ ಮೇ ತಿಂಗಳ ಬಿಸಿಲು ಜಲ್ಲಿಯ ಮೇಲೆ ಬಿದ್ದಿತ್ತು. ಗೊತ್ತಿತ್ತು, ಅವನಿಗೆ ಅವತ್ತೇ ಗೊತ್ತಿತ್ತು. ಹೆಂಡತಿ ಅಳೆದು ಬಿಟ್ಟ ಚಿಪ್ಪು ತನ್ನ ಮುಖದ ಮುಂದೆ ಸಿಡಿಯಿತೆಂದು ತಿಳಿದು, ಮನೆಗೆ ಬಂದು ಅವಳ ಕೈಯ ಸಾರು ಉಂಡು, ಮರುವರ್ಷ ತಟ್ಟೆ ತಂದು ಅವಳ ಮುಂದಿಟ್ಟಿದ್ದ. ಅಳೆದು ನೋಡದೆ ಬೋಲ್ಟು ಮುಚ್ಚಿ ಬಂದೂಕಿಗೆ ಕೆನ್ನೆ ಒತ್ತಿದ್ದ, ಹದಿನಾಲ್ಕು ವರ್ಷ. ಅದು ಪ್ರೀತಿಯೇ ಇರಬೇಕು ಎಂದು ಒಂದು ಕ್ಷಣ ಅವಳಿಗೆ ಅನಿಸಿತು. ಮರುಕ್ಷಣವೇ ಇನ್ನೊಂದು ಹೊಳೆಯಿತು: ವೆರ್ನಾ ಮಾಡಿದ್ದು ಎಂದು ಹೇಳಬೇಕಾದರೆ, ಚಿಪ್ಪುಗಳನ್ನು ಮಾಡುವುದು ವೆರ್ನಾ ಎಂದೂ ಹೇಳಬೇಕಿತ್ತು. ಅದನ್ನು ಹೇಳುವುದಕ್ಕಿಂತ ಸೋಲನ್ನು ಹೊತ್ತುಕೊಳ್ಳುವುದು ಅವನಿಗೆ ಹಗುರವಾಗಿತ್ತು. ಎರಡರಲ್ಲಿ ಯಾವುದು ಎಂದು ಕೇಳೋಣವೆಂದರೆ ಸ್ಮಶಾನದಲ್ಲಿ ಅವನ ಗೋರಿಯ ಮೇಲೆ ಹುಲ್ಲು ಕೂಡ ಇನ್ನೂ ಸರಿಯಾಗಿ ಎದ್ದಿರಲಿಲ್ಲ. ಕಡೆಗೆ, ಅವಳು ಜೀವನದಲ್ಲಿ ಮಾಡಿದ ಅತ್ಯಂತ ಕೆಟ್ಟ ಕೆಲಸವನ್ನೂ ಅವನು ತನ್ನ ಹೆಸರಿಗೆ ಹಾಕಿಕೊಂಡು, ಅದರಿಂದಲೂ ದೊಡ್ಡವನಾಗಿ ಹೋಗಿದ್ದ.

"ಅದು ಅವನ ತಪ್ಪಲ್ಲ," ಎಂದಳು. "ಬೇಕಂತಲೇ ಉದ್ದ ಬಿಟ್ಟಿದ್ದು ನಾನು. ಹದಿನೇಳನೇ ಗುಳೀಲಿ ಇಟ್ಟಿದ್ದೂ ನಾನೇ. ಹಿಂದೆ ಕೂತ್ಕೊಂಡು ಕಾಯ್ತಿದ್ದೆ."

ಡ್ವೇನನ ಮುಖದ ಮೇಲೆ ಮೊದಲು ಬಂದದ್ದು ಮರುಕ, ಆಮೇಲೆ ಅನುಮಾನ, ಆಮೇಲೆ, ಕಡೆಗೂ, ಅಸಹ್ಯ. ಅದನ್ನು ಕಂಡು ವೆರ್ನಾಳಿಗೆ ಒಳಗೆಲ್ಲೋ ಒಂದು ಬಾಗಿಲು ತೆರೆದ ಹಾಗಾಯಿತು. ಅವನು ಎದ್ದು ಟೋಪಿ ಹಾಕಿಕೊಂಡ. ಈ ಮಾತು ಇಲ್ಲೇ ಇರಲಿ, ನಾನು ಯಾರಿಗೂ ಹೇಳುವುದಿಲ್ಲ, ಆರ್ವಿಡ್‌ನ ಮುಖ ನೋಡಿ ಹೇಳುವುದಿಲ್ಲ, ಅಂದ. ಟ್ರಿಮ್ಮರಿಗೆ ಕೈ ಹಾಕಿದ.

"ಅದನ್ನ ಬಿಡು," ಎಂದಳು ವೆರ್ನಾ. "ಭಾನುವಾರ ನಾನೇ ತರ್ತೀನಿ. ನಾನೇ ಹೇಳ್ತೀನಿ."

"ಜನ ಏನಂತಾರೆ ಯೋಚ್ನೆ ಮಾಡಿ."

"ಅನ್ನಲಿ. ಒಂದ್ಸಲನಾದ್ರೂ ನನ್ನ ಅನ್ನಲಿ."

ಭಾನುವಾರ ಗಾಳಿಯಿತ್ತು. ಕ್ಲಬ್ಬಿನ ಮೈದಾನದಲ್ಲಿ ನಲವತ್ತು ಜನ, ಉದ್ದ ಮೇಜಿನ ಮೇಲೆ ಬೀನ್ಸಿನ ಪಾತ್ರೆಗಳು, ಯಾರೋ ತಂದ ಆಲೂಗಡ್ಡೆ ಸಲಾಡು. ಡ್ವೇನ್ ಕಾಗದ ನೋಡಿ ಓದುತ್ತ, ಅವಳ ಕಡೆ ತಿರುಗದೆ, ಈಗ ಶ್ರೀಮತಿ ಸ್ಕೋಗ್ ಎರಡು ಮಾತಾಡುತ್ತಾರೆ ಎಂದು ಪಕ್ಕಕ್ಕೆ ಸರಿದ. ಅವಳು ಟ್ರಿಮ್ಮರನ್ನು ಎರಡೂ ಕೈಯಲ್ಲಿ ಹಿಡಿದು ನಿಂತು, ಇಪ್ಪತ್ತೊಂಬತ್ತು ವರ್ಷ ಇದನ್ನು ತಿರುಗಿಸಿದ್ದು ತಾನೆಂದೂ, ಯಾವ ವರ್ಷ ಯಾವ ಪಂದ್ಯದಲ್ಲಿ ಏನು ಮಾಡಿದೆನೆಂದೂ ಹೇಳಿದಳು. ಯಾಕೆ ಎಂದು ಹೇಳಲಿಲ್ಲ. ಹೇಳಿದರೆ ಕ್ಷಮೆ ಕೇಳಿದ ಹಾಗಾಗುತ್ತದೆಂದು ದಾರಿಯಲ್ಲಿ ಬರುವಾಗಲೇ ತೀರ್ಮಾನಿಸಿದ್ದಳು. ಮುಗಿದ ಮೇಲೆ ನಲವತ್ತು ಜನ ತಂತಮ್ಮ ಬೂಟು ನೋಡಿಕೊಂಡರು. ಒಬ್ಬ ಹೆಂಗಸು ಮಗುವನ್ನು ಕರೆದುಕೊಂಡು ಗಾಡಿಯ ಕಡೆ ಹೋದಳು. ಹಿಂದಿನ ಸಾಲಿನಲ್ಲಿ ಯಾರೋ ತಗ್ಗಿದ ದನಿಯಲ್ಲಿ, ಪಾಪ ಆರ್ವಿಡ್, ಅಂದರು. ಸಿಟ್ಟು ಹೋಗುತ್ತದೆಂದು ಅವಳು ಅಂದುಕೊಂಡಿದ್ದಳು. ಹೋಗಲಿಲ್ಲ. ಎದೆಯಲ್ಲೇ ಇತ್ತು, ಆದರೆ ಈಗ ಅದಕ್ಕೆ ನಿಲ್ಲಲು ನೆಲ ಸಿಕ್ಕಿತ್ತು.

ಮುಂದಿನ ಸಾಲಿನಲ್ಲಿ ಎಮಿಲ್ ಹ್ರುಸ್ಕಾ ಕೂತಿದ್ದ. ಎಂಬತ್ತಾರು ವರ್ಷ, ಕ್ಲಬ್ಬು ಕಟ್ಟಿದವರಲ್ಲಿ ಉಳಿದಿದ್ದವನು ಅವನೊಬ್ಬ. ಊರುಗೋಲಿನ ಮೇಲೆ ಗಲ್ಲವಿಟ್ಟುಕೊಂಡೇ ಅವಳನ್ನು ದಿಟ್ಟಿಸುತ್ತಿದ್ದ.

"ಎಷ್ಟು ಉದ್ದ ಬಿಟ್ಟಿದ್ದೆ?" ಎಂದು ಕೇಳಿದ.

"ಮಿತಿ ಮೇಲೆ ಹನ್ನೆರಡು."

"ಸಾವಿರದಲ್ಲಿ."

"ಹೌದು, ಸಾವಿರದಲ್ಲಿ."

"ಬೋಲ್ಟು ಬಿಗೀತಾ?"

"ಎರಡು ಸಲ ತಟ್ಟಿ ಎತ್ತಿದ."

"ಮೇಲಕ್ಕೆ ಹೋಗಿರ್ಬೇಕು."

"ಹತ್ತು ಇಂಚು. ಸ್ವಲ್ಪ ಬಲಕ್ಕೆ."

ಎಮಿಲ್ ತಲೆಯಾಡಿಸಿದ. ಅವನ ಮುಖದಲ್ಲಿ ಕರುಣೆಯಾಗಲಿ ಕ್ಷಮೆಯಾಗಲಿ ಇರಲಿಲ್ಲ. "ಅವನ ಮುಖ ಹೋಗ್ಬಹುದಿತ್ತು," ಎಂದ. "ಈ ಮೈದಾನದಲ್ಲಿ ಅದಕ್ಕಿಂತ ನೀಚ ಕೆಲಸ ನಾನು ಕೇಳಿಲ್ಲ."

"ಗೊತ್ತು."

ಮುದುಕ ಊರುಗೋಲಿನಿಂದ ನೆಲ ಕೆದಕಿದ. ಗಾಳಿಗೆ ಮೇಜಿನ ಮೇಲಿನ ಕಾಗದದ ತಟ್ಟೆಗಳು ಹಾರುತ್ತಿದ್ದವು, ಯಾರೂ ಹಿಡಿಯಲು ಹೋಗಲಿಲ್ಲ. "ಉಳಿದ ಹಿತ್ತಾಳೆ ನಾನು ನೋಡಿದೀನಿ," ಎಂದ. "ನನ್ನ ಕೈಯಲ್ಲಿ ಅಳೆದಿದೀನಿ. ಅಂಥ ಕೆಲಸ ಮತ್ತೆಲ್ಲೂ ಕಂಡಿಲ್ಲ. ಆ ಒಂದನ್ನ ಬಿಟ್ಟು."

"ಆ ಒಂದೂ ನಂದೇ," ಎಂದಳು ವೆರ್ನಾ.